ಗೂಡಿನ ದರ ಓದುತ್ತಿದ್ದವನ ದನಿ

ಕಂಪ್ಯೂಟರ್ ಗೊತ್ತಿಲ್ಲದವರೂ ಇದನ್ನು ಓದಿ... ಇದು ಅವರಿಗೂ ಸೇರಿದ್ದು.

ರೇಷ್ಮೆ ಗೂಡಿನ ಮಾರುಕಟ್ಟೆ ಇರುವ ಒಂದು ಊರು. ಅಲ್ಲೊಂದು ಪುಟ್ಟ ಸಮುದಾಯ ರೇಡಿಯೋ.

ಸಂಜೆ ಗೂಡಿನ ದರ ಓದುತ್ತಿದ್ದವನು ಮುನಿಶಾಮಿ. ಸುತ್ತಲ ಹಳ್ಳಿಗಳಿಗೆಲ್ಲ ಅವನ ದನಿ ಗೊತ್ತಿತ್ತು.

ಕಳೆದ ವರ್ಷ ಲಾರಿಯೊಂದು ಅವನ ಬೈಕಿಗೆ ಗುದ್ದಿತು... ಅಷ್ಟೇ.

ಹೆಂಡತಿ ಸುಕನ್ಯಾ ಮತ್ತು ಪುಟ್ಟ ಮಗಳು ಉಳಿದರು.

ಮನೆಯಲ್ಲಿ ಫೋಟೋಗಳಿದ್ದವು. ದನಿ ಇರಲಿಲ್ಲ. ವಿಡಿಯೋಗಳೆಲ್ಲ ಇದ್ದ ಅವನ ಫೋನು ಅವನ ಜೊತೆಗೇ ಪುಡಿಯಾಗಿತ್ತು.

ಒಂದು ದಿನ ಮಗಳು ಫೋಟೋ ನೋಡುತ್ತ ಕೇಳಿದಳು.

"ಅಮ್ಮ, ಅಪ್ಪ ಹೆಂಗ್ ಮಾತಾಡ್ತಿದ್ರು?"



ಮರುದಿನವೇ ಸುಕನ್ಯಾ ಅವನ ದನಿ ಹುಡುಕಿಕೊಂಡು ರೇಡಿಯೋ ಕಚೇರಿಗೆ ಹೋದಳು.

ಅಲ್ಲಿ ಹಳೆಯ ಕಾರ್ಯಕ್ರಮಗಳನ್ನೆಲ್ಲ ಕಾಯ್ದಿಡುತ್ತಿದ್ದವನು ಮುನಿಶಾಮಿಯ ಗೆಳೆಯ ಜಬೀವುಲ್ಲಾ.

"ಎಲ್ಲಾನೂ ಇಟ್ಟಿದ್ದ ಕಂಪ್ಯೂಟರ್ರು ಮೊನ್ನೆ ಸಿಡಿಲಿಗೆ ಸುಟ್ಟೋಯ್ತು ತಂಗಿ. ಆದ್ರೆ ಭಯ ಬೇಡ, ಒಳಗೆ ದನಿ ತುಂಬಿಟ್ಟಿರೋ ಡಿಸ್ಕು ಎರಡೂ ಚೆನ್ನಾಗವೆ. ರೇಡ್ ಅಂತಾರೆ ಇದಕ್ಕೆ. ಒಂದರಲ್ಲಿ ಇರೋದೆಲ್ಲ ಇನ್ನೊಂದರಲ್ಲೂ ಇರ್ತದೆ."

"ನಿಜವಾಗ್ಲೂ ಸಿಗುತ್ತಾ ಜಬಿ ಅಣ್ಣ?"

"ಮುನಿಶಾಮೀನೇ ನನ್ನ ಆಡ್ಕೊಳ್ತಿರಲಿಲ್ವಾ... ಜಬಿ ರಜ ಹಾಕಿದ್ರೂ ಜಬಿ ಡಿಸ್ಕು ರಜ ಹಾಕಲ್ಲ ಅಂತ!"

ಸುಕನ್ಯಾ ನಕ್ಕಳು. ತಾನು ನಕ್ಕಿದ್ದು ಅವಳಿಗೇ ವಿಚಿತ್ರ ಅನ್ನಿಸಿತು.

ಜಬಿ ಹೊಸ ಕಂಪ್ಯೂಟರ್ ತರಿಸಿ ಎರಡೂ ಡಿಸ್ಕ್‌ಗಳನ್ನು ಅದಕ್ಕೆ ಹಾಕಿದ.

ಸ್ಕ್ರೀನ್ ಮೇಲೆ ಇಂಗ್ಲಿಷಿನಲ್ಲಿ ಪ್ರಶ್ನೆ ಬಂತು... ಜೋಡಿ ಮಾಡಲೇ?

ಹಳೆಯ ಜೋಡಿಯನ್ನೇ ಮತ್ತೆ ಕೂಡಿಸುತ್ತದೆ ಅಂದುಕೊಂಡ. ಆಕೆ ಕಾಯುತ್ತಿದ್ದಾಳೆ ಎಂಬ ಅವಸರ ಬೇರೆ. ಕೇಳಿದ್ದಕ್ಕೆಲ್ಲ 'ಹೌದು' ಒತ್ತುತ್ತ ಹೋದ.

ಎರಡೂ ಖಾಲಿಯಾದವು. ಒಂದರ ಹಾಗೇ ಇನ್ನೊಂದು.

ಅಳಿಸಿಹೋದದ್ದನ್ನು ತೆಗೆದುಕೊಡುವವರ ಬಳಿಗೆ ಓಡಿದ. ಅವರು ನೋಡಿ, ತಲೆ ಅಲ್ಲಾಡಿಸಿದರು.

"ಇದು ಕಂಪ್ಯೂಟರ್ ಒಳಗಿನ ಬೋರ್ಡ್ ಜೊತೆಗೇ ಬರೋ ರೇಡ್ ಸಾರ್. ಆ ಜೋಡಿ ಸುಟ್ಟೋದ ಆ ಬೋರ್ಡಿಗೆ ಮಾತ್ರ ಅರ್ಥ ಆಗೋದು. ಬೇರೆ ಬೋರ್ಡು ಅವನ್ನ ಹೊಸ ಡಿಸ್ಕು ಅಂದ್ಕೊಂಡು, ಪೂರ್ತಿ ಅಳಿಸಿ ಹೊಸ ಜೋಡಿ ಮಾಡ್ತು. ಬೇರೆ ಕಡೆ ಒಂದು ಕಾಪಿ ಇಟ್ಟಿರಲಿಲ್ವಾ?"

"ಎರಡು ಡಿಸ್ಕ್ ಇತ್ತಲ್ಲ..."

"ಎರಡೂ ಒಂದೇ ಬೋರ್ಡನ್ನ ನಂಬ್ಕೊಂಡಿದ್ವು ಸಾರ್."

ಜಬಿ ಸುಕನ್ಯಾಳ ಮನೆಗೆ ಬಂದ. ಹೊಸಿಲು ದಾಟಲಿಲ್ಲ.

"ಉಳಿದಿದ್ದ ದನೀನ ನಾನೇ ಅಳಿಸ್ಬಿಟ್ಟೆ ತಂಗಿ..."

ಅವಳು ಒಳಗೆ ಹೋಗಿ ಒಂದು ಲೋಟ ನೀರು ತಂದಳು.

"ಒಳಗೆ ಬಂದು ಕೂತ್ಕೊಳ್ಳಿ ಅಣ್ಣ."



ಅಂದಿನಿಂದ ಗೂಡಿನ ದರ ಮುಗಿದ ಮೇಲೆ ಜಬಿ ರೇಡಿಯೋದಲ್ಲಿ ಕೇಳತೊಡಗಿದ. "ಯಾರ ಹತ್ರಾನಾದ್ರೂ ಮುನಿಶಾಮಿ ದನಿ ಇದ್ರೆ ದಯವಿಟ್ಟು ತಿಳಿಸಿ..."

ಬಹಳ ದಿನ ಯಾರೂ ಬರಲಿಲ್ಲ.

ಕೊನೆಗೊಂದು ಮಧ್ಯಾಹ್ನ, ಗೂಡಿನಿಂದ ನೂಲು ತೆಗೆಯುವ ಕೆಲಸದ ಶಂಷಾದ್ ಸುಕನ್ಯಾಳ ಮನೆ ಹುಡುಕಿಕೊಂಡು ಬಂದಳು. ಬಿಸಿನೀರಲ್ಲಿ ನೆಂದು ಬೆಳ್ಳಗಾದ ಬೆರಳುಗಳು. ಒಡೆದ ಗಾಜಿನ ಫೋನು.

"ನಮ್ ಮಾವಂಗೆ ಆಮೇಲೆ ಕೇಳ್ಸೋಕೆ ಅಂತ ದಿನಾ ರೇಟು ರೆಕಾರ್ಡ್ ಮಾಡ್ಕೊಳ್ತಿದ್ದೆ ಅಕ್ಕ. ಮಾರನೆ ದಿನ ಅಳಿಸ್ತಿದ್ದೆ. ಇದೊಂದು ಉಳ್ಕೊಂಡೈತೆ."

"ಇದೊಂದು ಯಾಕೆ?"

"ಮಧ್ಯದಲ್ಲಿ ಸೀನ್ಬಿಟ್ಟವ್ರೆ ನೋಡಿ... ನಮ್ ಮಕ್ಳು ಅಳ್ಸೋಕೆ ಬಿಡ್ಲಿಲ್ಲ."

ಶಂಷಾದ್ ಅದನ್ನು ಹಾಕಿದಳು. ಹಿಂದೆ ನೂಲು ಯಂತ್ರದ ಗರ್ ಗರ್ ಸದ್ದು. ಅದರ ನಡುವೆ ಅವನು.

"ದ್ವಿತಳಿ ಗೂಡು, ಕೆಜಿಗೆ..." ಜೋರಾಗಿ ಒಂದು ಸೀನು. "ಕ್ಷಮಿಸಿ... ಹಾಂ, ಎಲ್ಲಿದ್ದೆ?"

ಮಗಳು ಕಿಲಕಿಲ ನಕ್ಕಳು.

"ಯಾರಮ್ಮ ಇದು?"

"ಅಪ್ಪ."

ಮಗು ನಗು ನಿಲ್ಲಿಸಿ, ಫೋನಿಗೆ ಕಿವಿ ಹಚ್ಚಿತು.

"ಅಪ್ಪಂಗೆ ನೆಗಡಿನಾ ಅಮ್ಮ?"

"ಹೂಂ ಪುಟ್ಟ..."

"ಈಗ?"

"ಈಗ ವಾಸಿಯಾಗಿದೆ..."

ಶಂಷಾದ್ ಸೆರಗಿನಿಂದ ಕಣ್ಣೊರೆಸಿಕೊಂಡಳು.

*ಒಂದೇ ಆಧಾರಕ್ಕೆ ಒರಗಿದ ಎರಡು ಪ್ರತಿಗಳು, ನಿಜಕ್ಕೂ ಒಂದೇ ಪ್ರತಿ.*

ನೀವು ಕಳೆದುಕೊಳ್ಳಲಾರದ ದನಿ ಯಾರದ್ದು? ಅದು ಈ ಹೊತ್ತು ಎಲ್ಲೆಲ್ಲಿ ಇದೆ?