ಹೊಟ್ಟಿನ ಗುಂಡಿ

ದುರಗಪ್ಪ ಓಡಿಬಂದವನೇ ಹೆಂಡತಿಯ ತುರುಬು ಹಿಡಿದು ಹಿಂದಕ್ಕೆಳೆದ. ಯಮನೂರಮ್ಮ ಸಲಿಕೆ ಬಿಡಲಿಲ್ಲ.

"ಈ ಗುಂಡಿ ಮುಟ್ಟಬ್ಯಾಡ ಅಂದಿದ್ನೆಲ್ಲ, ಕಿವಿ ಕೇಳಂಗಿಲ್ಲೇನ?"

ಅದು ಭತ್ತದ ಹೊಟ್ಟು ಸುರಿದಿದ್ದ ಗುಂಡಿ. ಸಗಣಿ, ಗಂಜಲ ಬೀಳದೆ ಹೊಟ್ಟು ಬೇಗ ಕೊಳೆಯುವುದಿಲ್ಲ ಎಂಬುದು ಶ್ರೀರಾಮನಗರದಲ್ಲಿ ಎಲ್ಲರಿಗೂ ಗೊತ್ತು. ಇದಕ್ಕೆ ಒಂದು ಬುಟ್ಟಿ ಸಗಣಿಯೂ ಬಿದ್ದಿರಲಿಲ್ಲ. ವರ್ಷ ಕಳೆದರೂ ಹೊಟ್ಟು ಸುರಿದ ದಿನದಂತೆಯೇ ಹಳದಿಯಾಗಿತ್ತು. ನಡುವೆ ಮಾತ್ರ, ಒಬ್ಬ ಆಳು ಮಲಗುವಷ್ಟು ಉದ್ದಕ್ಕೆ, ಕೊಳೆತು ಕರಿಮಣ್ಣಾಗಿತ್ತು.

"ಇದೊಂದ ಕಡೆ ಯಾಕ ಕೊಳತೈತ್ರಿ? ಏನ ಹುಗದೀರಿ ಇಲ್ಲಿ?"

"ಕರು ಸತ್ತಿತ್ತು, ಹುಗದೇನಿ," ಎಂದು ಅವನು ಅವಳ ಬೆನ್ನಿಗೆ ಒದ್ದ.

ಅವಳು ಮುಖ ಅಡಿಯಾಗಿ ಆ ಕರಿಮಣ್ಣಿನ ಮೇಲೆಯೇ ಬಿದ್ದಳು. ಬಾಯಿಯೊಳಗೆ ಮಣ್ಣು, ಹಲ್ಲಿನ ಸಂದಿಯಲ್ಲಿ ರಕ್ತ. ಏಳಲು ಊರಿದ ಕೈಬೆರಳಿಗೆ ಏನೋ ತೊಡರಿತು. ಎಳೆದಳು. ಬೆಳ್ಳಿಯ ಉಡದಾರ. ತಮ್ಮ ನಾಗೇಶನ ಸೊಂಟಕ್ಕೆ ಅವಳೇ ಕಟ್ಟಿದ್ದು. 'ಮಂಗಳೂರಿಗೆ ದುಡಿಯಾಕ ಹೋಗ್ಯಾನ' ಎಂದು ಗಂಡ ವರ್ಷದಿಂದ ಹೇಳುತ್ತ ಬಂದಿದ್ದ ತಮ್ಮ.

ದುರಗಪ್ಪ ಮುಷ್ಟಿ ಬಿಗಿದು ಗುಂಡಿಗೆ ಧುಮುಕಿದ. ಅವಳು ಕೂತಲ್ಲಿಂದಲೇ ಸಲಿಕೆ ಬೀಸಿದಳು. ಮೊಣಕಾಲಿನ ಎಲುಬು ಲಟಕ್ಕೆಂದಿತು. ಅವನು ಚೀರುತ್ತ ಹೊಟ್ಟಿನ ಮೇಲೆ ಕುಸಿದ. ಯಮನೂರಮ್ಮ ಎದ್ದು, ಉಡದಾರವನ್ನು ಅವನ ಕಣ್ಣ ಮುಂದೆ ಹಿಡಿದಳು. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ 'ರಿ' ಬಿಟ್ಟು ಗಂಡನನ್ನು ಮಾತಾಡಿಸದವಳು ಇನ್ನೊಂದು ಕೈಯಲ್ಲಿ ಸಲಿಕೆ ಎತ್ತಿದಳು.

"ಕರೂಗೆ ಉಡದಾರ ಯಾರ ಕಟ್ಟತಾರಲೇ?"