ಗದಗಿನ ಗುಡಿಯಲ್ಲಿ ಹೆಣ್ಣು ನೋಡಿದ್ದು

"ಕೊರಳು ತುಂಬ ಸೆರಗು ಹೊದ್ಕೋ. ತಲಿಮ್ಯಾಲಿಂದ ಜಾರಬಾರದು. ಹುಲಗಪ್ಪನ ಬಾಜೂಕ ನಡಿ, ಬಾಯಿ ಬಿಡಬ್ಯಾಡ," ಎಂದು ಬಸ್ಸಿಳಿಯುವ ಮೊದಲೇ ಅವ್ವ ಮಾಳವ್ವನ ಕಿವಿಯಲ್ಲಿ ಹೇಳಿದಳು.

ಗದಗಿನ ಗುಡಿ ನೋಡಿ ಬರುತ್ತೇವೆಂದು ಡೋಣಿಯಲ್ಲಿ ಎಲ್ಲರಿಗೂ ಹೇಳಿದ್ದಾಗಿತ್ತು. ಗುಡಿಯೂ ಇಲ್ಲ, ಗುಂಡಾರವೂ ಇಲ್ಲ! ಅವ್ವ ಅಣ್ಣ ಹುಲಗಪ್ಪನಿಗೆ ಪಿಸುಗುಟ್ಟಿದ್ದು ಮಾಳವ್ವನ ಕಿವಿಗೆ ಬಿದ್ದಿತ್ತು: "ಶಿರಹಟ್ಟಿಯವರು ಗುಡಿಯಾಗ ಹೆಣ್ಣು ನೋಡ್ತಾರ. ಊರಾಗ ಬ್ಯಾಡ, ಮಂದಿ ಏನರ ಹೇಳಿ ಕೆಡಿಸ್ತಾರ."

ಮಾಳವ್ವನಿಗೆ ಇಪ್ಪತ್ತೊಂಬತ್ತು. ನಾಲ್ಕು ಮಂದಿ ಬಂದು, ಉಪ್ಪಿಟ್ಟು ತಿಂದು ಹೋದವರು ತಿರುಗಿ ಖಬರೇ ಕೊಟ್ಟಿರಲಿಲ್ಲ. ಇದೂ ತಪ್ಪಿದರೆ ತನ್ನ ಕಥೆ ಮುಗಿದಂತೆಯೇ ಎಂದು ಅವಳಿಗೆ ಖಾತ್ರಿ. ಅಕ್ಕನದಾಗದೆ ತಂಗಿಯದಾಗುವಂತಿಲ್ಲ. ಹಣ್ಣುಕಾಯಿ ಬುಟ್ಟಿ ಹಿಡಿದು ಮುಂದೆ ನಡೆದಿದ್ದ ತಂಗಿ ಅಮೃತವ್ವನನ್ನು ಕಂಡಾಗಲೆಲ್ಲ ಅವಳ ಕರುಳು ಚುರ್ ಎನ್ನುತ್ತಿತ್ತು.

ಅತ್ತಿಗೆ ಜ್ವರವೆಂದು ಊರಲ್ಲೇ ಉಳಿದಿದ್ದಳು. ಅವಳ ಕೂಸನ್ನು ಅವ್ವ ಮಾಳವ್ವನ ಬಗಲಿಗೇ ಏರಿಸಿದ್ದಳು. ಚಂದ ಉಟ್ಟ ದಿನವೂ ಕೂಸೇ! ಸಿಟ್ಟು ಬಂತು. ಸಂಸಾರಸ್ಥೆಯ ಹಾಗೆ ಕಾಣಲಿ ಅಂತಿರಬೇಕು ಎಂದು ನುಂಗಿಕೊಂಡಳು.

ತ್ರಿಕೂಟೇಶ್ವರನ ಬಾಗಿಲಲ್ಲೇ ಶಿರಹಟ್ಟಿಯ ಮೈಲಾರಪ್ಪ ಒಬ್ಬನೇ ಕಾದಿದ್ದ. ಐವತ್ತು ದಾಟಿದ ಆಳು, ಜರಿ ರುಮಾಲು. "ನಾ ಎಲ್ಲಾ ತೋರಸ್ತೀನಿ, ಬರ್ರಿ" ಎಂದು ಸರಸ್ವತಿ ಗುಡಿಯ ಕಂಬ ತೋರಿಸಿದ, ವೀರನಾರಾಯಣನ ಗೋಪುರ ತೋರಿಸಿದ, ಟಾಂಗಾ ಮಾಡಿ ಬೆಟಗೇರಿಯ ವೀರಗಲ್ಲುಗಳಿಗೂ ಕರೆದೊಯ್ದ. ಮಾತೆಲ್ಲ ಮಾಳವ್ವನ ಜೊತೆ.

"ಕೂಸು ನಿಮ್ಮನ್ನ ಭಾಳ ಹಚಗೊಂಡೈತಲ್ರಿ. ಮನ್ಯಾಗ ಎಲ್ಲಾರೂ ಹೊಂದಕೊಂಡು ಇರ್ತೀರಿ?"

ಮಾಳವ್ವ ತಲೆಯಾಡಿಸಿದಳು. ಅಯ್ಯೋ ಶಿವನೇ, ವರ ಈ ಮುದುಕನೇ!

ಟಾಂಗಾದಿಂದ ಹಾರಿ ಓಡಿಬಿಡಬೇಕೆನಿಸಿತು. ಓಡಿ ಹೋಗುವುದಾದರೂ ಎಲ್ಲಿಗೆ? ಬೆಟಗೇರಿಯ ಬಿಸಿಲಿನಲ್ಲಿ ನಿಲ್ಲುವ ಹೊತ್ತಿಗೆ ಮನಸ್ಸು ಸೋತುಹೋಗಿತ್ತು. ಮುದುಕನಾದರೂ ಆಗಲಿ. ತನ್ನದೊಂದು ಒಲೆ, ತನ್ನದೇ ಒಂದು ಕೂಸು. ಇವನಾದರೂ ಹೂಂ ಅನ್ನಲಿ ಎಂದು ಬೇಡಿಕೊಂಡಳು.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಮೈಲಾರಪ್ಪ ಅವ್ವನ ಕೈಗೆ ಸಕ್ಕರೆ ಹಾಕಿದ. ಅವ್ವ ಕಣ್ಣೊರೆಸಿಕೊಂಡಳು, ಮಾಳವ್ವನ ಕಡೆ ಮಾತ್ರ ನೋಡಲಿಲ್ಲ. ಕೊನೆಗೂ ಆಯಿತು! ಅವನು ತನ್ನೆದುರು ಬಂದು ನಿಂತಾಗ ಮಾಳವ್ವ ನಾಚಿ ನೆಲ ನೋಡಿದಳು.

"ನಿಮ್ಮ ನಾದಿನಿ ಅಮೃತವ್ವನ್ನ ನನ್ನ ಮಗಗ ತಗೋತೀವಿ, ತಂಗೀ," ಎಂದ ಅವನು. "ಈ ಮನಿಗೆ ಒಬ್ಬಾಕಿನ ಸೊಸಿ ನೀವು, ಲಗ್ನದಾಗ ನೀವೂ ಹುಲಗಪ್ಪನೂ ಗಂಡಾ-ಹೆಂಡ್ತಿ ಮುಂದ ನಿಂತು ಎಲ್ಲಾ ನಡಸಬೇಕ್ರಿ."