ಮುಂದಕ್ಕೆ ಸರಿದ ಸೀಟು

ಕಾರಿನ ಬಾಗಿಲು ತೆಗೆದು ಕೂರಲು ಹೋದ ಮಗನ ಮಂಡಿ ಸ್ಟೇರಿಂಗಿಗೆ ಬಡಿಯಿತು. ಸೀಟನ್ನು ಯಾರೋ ಪೂರ್ತಿ ಮುಂದಕ್ಕೆ ಸರಿಸಿದ್ದರು. ಮೇಲೊಂದು ಹೂವಿನ ಚಿತ್ರದ ದಿಂಬು ಬೇರೆ. ಇಳಿದು ಬಾನೆಟ್ಟಿನ ಮೇಲೆ ಕೈಯಿಟ್ಟ. ಬೆಚ್ಚಗಿತ್ತು.

ಅಪ್ಪ ಮತ್ತೆ ಕಾರು ಓಡಿಸಿದ್ದಾರೆ. ಅದೂ ಗಾಜಿಗೆ ಮೂಗು ತಾಗಿಸಿಕೊಂಡು.

ಕಣ್ಣಿನ ಡಾಕ್ಟರು ಮುಚ್ಚುಮರೆ ಮಾಡಿರಲಿಲ್ಲ. ನರ ಸೊರಗುತ್ತಿದೆ, ಅಕ್ಕಪಕ್ಕದ ನೋಟ ಆಗಲೇ ಹೋಗಿದೆ, ಎದುರಿನದಾದರೂ ಮುಂದಿನ ಬೇಸಿಗೆಯವರೆಗೆ ಉಳಿದರೆ ಪುಣ್ಯ. ಇನ್ನು ಸ್ಟೇರಿಂಗ್ ಮುಟ್ಟಕೂಡದು. ಮಗನದು ಔಷಧಿ ಅಂಗಡಿ. ಅಪ್ಪನ ಕಣ್ಣಿನ ಹನಿಗಳನ್ನು ಅವನೇ ತರುತ್ತಿದ್ದ. ಒಂದಿದ್ದ ಸೀಸೆ ಈಗ ಮೂರಾಗಿತ್ತು.

ಒಳಗೆ ಊಟದ ಮೇಜಿನ ತುಂಬ ಪರದೇಶದ ನಕ್ಷೆ ಹರಡಿತ್ತು. ಅದು ಹಾರದಂತೆ ಮೂಲೆಗಳಲ್ಲಿ ಅಮ್ಮನ ಹೊಲಿಗೆ ಕತ್ತರಿ, ದಾರದ ಉಂಡೆಗಳು. ಬಂದರಿನ ಊರು, ಸೇತುವೆಗಳ ಊರು, ಸರೋವರದ ಊರು, ಕೊನೆಗೆ ಬೆಟ್ಟದ ತುದಿಯ ಊರು. ಒಂದೊಂದಕ್ಕೂ ಗುಂಡುಪಿನ್ನು ಚುಚ್ಚಿ ಅಮ್ಮ ಕೆಂಪು ದಾರ ಎಳೆದಿದ್ದಳು. ಅಪ್ಪ ಭೂತಗನ್ನಡಿ ಹಿಡಿದು ದಾರದ ಹಿಂದೆಯೇ ಹೋಗುತ್ತಿದ್ದರು.

"ಬೆಳಿಗ್ಗೆ ಕಾರು ಎಲ್ಲಿಗೆ ಹೋಗಿತ್ತು?" ಮಗ ಕೇಳಿದ.

"ಮೈದಾನಕ್ಕೆ." ಅಪ್ಪ ತಲೆ ಎತ್ತಲಿಲ್ಲ. "ನಾನೂ ನಿಮ್ಮಮ್ಮನೂ ಗಾಳಿ ಕುಡಿಯೋಕೆ ಹೋಗಿದ್ವಿ."

"ಯಾರಿಗಾದ್ರೂ ಗುದ್ದಿದ್ರೆ ಏನು ಗತಿ?"

"ಗುದ್ದೋ ಹಾಗೆ ನಾನು ಯಾರಿಗೂ ಕಲಿಸಿಲ್ಲ."

ಮಾತು ಸುಳ್ಳಲ್ಲ. ಅಪ್ಪ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಊರಿನ ಅರ್ಧ ಜನ ಅವರ ಬೈಗುಳ ತಿಂದೇ ಗೇರು ಹಾಕಲು ಕಲಿತವರು. ಮೊದಲ ಬ್ಯಾಚಿಗೆ ಎರಡು ಜಡೆ ಹಾಕಿಕೊಂಡು ಬಂದಿದ್ದ ಅಮ್ಮನನ್ನು ಮೆಚ್ಚಿ, ಲೈಸೆನ್ಸ್ ಕೊಡಿಸಿ, ಮದುವೆಯಾದರು. ಅಲ್ಲಿಂದಾಚೆ ಸ್ಟೇರಿಂಗ್ ಅಪ್ಪನ ಪಾಲಿಗೆ, ಪಕ್ಕದ ಸೀಟು ಅಮ್ಮನ ಪಾಲಿಗೆ. ಪ್ರತಿ ಬೇಸಿಗೆಯಲ್ಲೂ ಪರದೇಶ ಸುತ್ತುವ ಮಾತು ಬರುತ್ತಿತ್ತು. ಪ್ರತಿ ಬೇಸಿಗೆಯಲ್ಲೂ ಹೊಸ ಬ್ಯಾಚು ಬಂದು ಅದು ಮುಂದಕ್ಕೆ ಹೋಗುತ್ತಿತ್ತು.

"ಟೂರಿನವರ ಬಸ್ಸಲ್ಲಿ ಹೋಗಿ. ಎಲ್ಲಾ ನಾನೇ ಮಾಡಿಸಿ ಕೊಡ್ತೀನಿ," ಎಂದ ಮಗ.

"ಅವರು ಶಿಳ್ಳೆ ಹೊಡೆದ್ರೆ ಇಳಿಯೋಕೆ, ಶಿಳ್ಳೆ ಹೊಡೆದ್ರೆ ಹತ್ತೋಕೆ ನಾವೇನು ಕುರಿಗಳಾ?" ಅಮ್ಮ ದಾರವನ್ನು ಹಲ್ಲಿನಿಂದ ಕಚ್ಚಿ ತುಂಡರಿಸಿದಳು. "ನಿಮ್ಮಪ್ಪ ನಿಲ್ಲಿಸು ಅಂದ ಕಡೆ ಕಾರು ನಿಲ್ಲಬೇಕು. ಕಣ್ತುಂಬ ನೋಡಿ ಸಾಕು ಅಂದ ಮೇಲೆ ಹೊರಡಬೇಕು. ಈ ಬೇಸಿಗೆ ಬಿಟ್ರೆ ಇನ್ನಿಲ್ಲ. ಯಾರು ತಡೀತಾರೋ ನಾನೂ ನೋಡ್ತೀನಿ."

ಮಗನಿಗೆ ಸಿಟ್ಟು ನೆತ್ತಿಗೇರಿತು. ಅಪ್ಪನ ಹಟವೇನೋ ಹಳೆಯದು. ಇವಳೂ ಅದಕ್ಕೆ ತಾಳ ಹಾಕುವುದೇ?

"ಹಾಗಾದ್ರೆ ಮಾತು ಕೊಡಿ ಅಪ್ಪ. ಇಲ್ಲೂ ಸರಿ, ಅಲ್ಲೂ ಸರಿ, ಸ್ಟೇರಿಂಗ್ ಮುಟ್ಟಲ್ಲ ಅಂತ. ನಿಮ್ಮ ಲೈಸೆನ್ಸ್ ನನ್ನ ಹತ್ರ ಇರ್ಲಿ."

ಮನೆ ಹಾರಿಹೋಗುವಂಥ ರಂಪವಾಗುತ್ತದೆ ಎಂದುಕೊಂಡಿದ್ದ. ಅಪ್ಪ ಜೇಬಿನಿಂದ ಲೈಸೆನ್ಸ್ ತೆಗೆದು ಅವನ ಅಂಗೈ ಮೇಲಿಟ್ಟರು.

"ಮುಟ್ಟಲ್ಲ. ನಿನ್ನಾಣೆ."

ಇಷ್ಟು ಸುಲಭವಾಗಿ ಗೆದ್ದದ್ದು ಮಗನಿಗೇ ಸರಿಬರಲಿಲ್ಲ. ಅಮ್ಮ ನಕ್ಷೆಯನ್ನು ಮಡಚಲೂ ಇಲ್ಲ. ಇನ್ನೊಂದು ಪಿನ್ನು ಚುಚ್ಚುತ್ತಿದ್ದಳು.

ಆ ಸಂಜೆ ಅವನು ಅಂಗಡಿಯಿಂದ ಬಂದಾಗ, ನಿಂತ ಕಾರಿನಲ್ಲಿ ಅಮ್ಮ ಒಬ್ಬಳೇ ಕೂತಿದ್ದಳು. ಎಂದಿನ ಹಾಗೆ ಎಡಗಡೆ ಸೀಟಿನಲ್ಲಿ. ಅದು ಸ್ಕೂಲಿನ ಹಳೆಯ ಕಾರು. ಕಲಿಯುವವರು ಎಡವಟ್ಟು ಮಾಡಿದರೆ ಮೇಷ್ಟ್ರು ತುಳಿಯಲೆಂದು ಆ ಬದಿಯಲ್ಲೂ ಒಂದು ಕ್ಲಚ್ಚು, ಒಂದು ಬ್ರೇಕು ಇದ್ದವು. ಅಮ್ಮನ ಪಾದಗಳು ಅವುಗಳ ಮೇಲೆ ಏಳುತ್ತ ಇಳಿಯುತ್ತ ಆಡುತ್ತಿದ್ದವು. ಬಲಗೈ ಎರಡು ಸೀಟುಗಳ ನಡುವೆ ತಡಕಾಡುತ್ತಿತ್ತು. ಅಪ್ಪ ಕೂರುತ್ತಿದ್ದ ಬಲಗಡೆ ಸೀಟು ಖಾಲಿ. ಅವರ ಕೈಗಾಗಿ ಹುಡುಕುತ್ತಿದ್ದಾಳೆ ಅನ್ನಿಸಿ ಮಗ ಕಿಟಕಿಯ ಹತ್ತಿರ ಬಗ್ಗಿದ.

"ಒಬ್ಬಳೇ ಇಲ್ಲೇನು ಮಾಡ್ತಿದೀಯಮ್ಮ?"

"ನನ್ನ ಸೀಟಲ್ಲಿ ನಾನು ಕೂತಿದೀನಿ," ಎಂದಳು. "ಇಷ್ಟು ವರ್ಷ ಸುಮ್ಮನೆ ಕೂತಿದ್ದೆ ಕಣೋ. ಸುಮ್ಮನೆ ಕೂತಿರಬಾರದಾಗಿತ್ತು."

ಮರುದಿನವೂ ಅಲ್ಲೇ ಕೂತಿದ್ದಳು, ಅದರ ಮರುದಿನವೂ. ಕಾರಿನ ಕೀಲಿಯನ್ನು ಬಚ್ಚಿಡಬೇಕೆಂದಿದ್ದವನು, ಪಾಪ, ಅಷ್ಟಾದರೂ ಸಮಾಧಾನ ಇರಲಿ ಎಂದು ಅವಳ ಕೈಗೇ ಕೊಟ್ಟ. ಅಪ್ಪನಿಗೆ ಕೊಡಬೇಡ ಎಂದು ಮಾತ್ರ ಒತ್ತಿ ಹೇಳಿದ. ಅವಳು ಕೊಡುವುದಿಲ್ಲ ಎಂದಳು.

ಬೇಸಿಗೆ ಬಂತು. ಮಗನೇ ಇಬ್ಬರನ್ನೂ ವಿಮಾನ ನಿಲ್ದಾಣಕ್ಕೆ ಬಿಟ್ಟ. ಅಲ್ಲಿ ರೈಲಿದೆ, ಬಸ್ಸಿದೆ, ಬಾಡಿಗೆಗೆ ಡ್ರೈವರುಗಳಿದ್ದಾರೆ, ಏನಾದರೂ ಮಾಡಿಕೊಳ್ಳಲಿ. ಅಪ್ಪನ ಲೈಸೆನ್ಸ್ ತನ್ನ ಅಂಗಡಿಯ ಗಲ್ಲಾದಲ್ಲಿ ಭದ್ರವಾಗಿದೆ. ಅಮ್ಮನ ಕೈಚೀಲದಿಂದ ಹೂವಿನ ದಿಂಬು ಇಣುಕುತ್ತಿತ್ತು.

"ಇದ್ಯಾಕೆ, ಅಪ್ಪನ ಬೆನ್ನಿಗಾ?"

"ಬೇಕಾಗುತ್ತೆ," ಎಂದು ಅಮ್ಮ ಅದನ್ನು ಒಳಗೆ ತುರುಕಿದಳು.

ವಾರದೊಳಗೆ, ಅವನು ಅಂಗಡಿಯಲ್ಲಿದ್ದಾಗ, ವಿಡಿಯೊ ಕರೆ ಬಂತು. ತೆರೆಯ ಮೇಲೆ ಅಪ್ಪನ ಮುಖ, ಕಿಟಕಿಯಾಚೆ ಓಡುವ ಬೆಟ್ಟಗಳು. ಸೀಟು ಬೆಲ್ಟು ಅವರ ಬಲ ಭುಜದ ಮೇಲಿಂದ ಇಳಿದಿತ್ತು. ಮೇಷ್ಟ್ರ ಮಗನಿಗೆ ಅಷ್ಟು ಸಾಕು. ಕಾರಿನ ಬಲಗಡೆ, ಮುಂದಿನ ಸೀಟು. ಅವನ ಕೈಯಲ್ಲಿದ್ದ ಮಾತ್ರೆಗಳು ನೆಲಕ್ಕೆ ಬಿದ್ದವು.

"ಅಪ್ಪ, ನನ್ನಾಣೆ ಇಟ್ಟಿದ್ರಿ."

"ಇಟ್ಟಿದ್ದೆ. ಈಗೇನಾಯ್ತು?" ಅಪ್ಪ ಫೋನನ್ನು ಮುಂದೆ ಒರಗಿಸಿ ಎರಡೂ ಕೈ ಮೇಲೆತ್ತಿದರು. ಒಂದರಲ್ಲಿ ನಕ್ಷೆ, ಇನ್ನೊಂದರಲ್ಲಿ ಭೂತಗನ್ನಡಿ.

"ಕೈ ಬಿಡ್ಬೇಡಿ ಅಪ್ಪ, ಸ್ಟೇರಿಂಗ್ ಹಿಡ್ಕೊಳ್ಳಿ." ಮಗನಿಗೆ ಅಳುವೇ ಬಂದಿತ್ತು.

"ಮುಟ್ಟಲ್ಲ ಅಂತ ಮಾತು ಕೊಟ್ಟಿದೀನಲ್ಲ," ಎಂದರು ಅಪ್ಪ. "ಹಾಂ, ಅಲ್ಲಿ ನಿಲ್ಲಿಸು, ಸರೋವರ ಕಾಣ್ತಿದೆ," ಎಂದು ಪಕ್ಕಕ್ಕೆ ಹೇಳಿ, ಫೋನನ್ನು ಎಡಕ್ಕೆ ತಿರುಗಿಸಿದರು.

ಆ ದೇಶದ ಎಲ್ಲ ಕಾರುಗಳಂತೆ ಅದರ ಸ್ಟೇರಿಂಗೂ ಎಡಗಡೆಗೇ ಇತ್ತು. ಅದರ ಹಿಂದೆ, ಹೂವಿನ ದಿಂಬಿನ ಮೇಲೆ, ಬಲಗೈಯಿಂದ ಗೇರು ಇಳಿಸುತ್ತ, ಅಮ್ಮ ಕೂತಿದ್ದಳು.